ದೇವರ ಪಟ ಅಚ್ಚಾದ ಕಥೆ



ಈ ನಗರದಲ್ಲಿ ನಮ್ಮಲ್ಲಿ ಅನೇಕರ ಮನೆಗಳು ಚಿಕ್ಕವು. ಊರಿನಲ್ಲಿದ್ದಂತೆ ದೇವರಿಗೆಂದು ಬೇರೊಂದು ಕೋಣೆ ಇಲ್ಲಿ ಇರುವದಿಲ್ಲ. ಅಡಿಗೆಯ ಕಟ್ಟೆಯ ಮೇಲುಭಾಗದಲ್ಲಿ ಒಂದು ಹಲಗೆಯನ್ನು ಬಡಿದು, ಅದನ್ನೇ ದೇವರ ಜಗಲಿಯೆಂದು ಕರೆಯುತ್ತೇವೆ. ಆ ಹಲಗೆಯ ಮೇಲೆ ಕಂಚಿನ ಮೂರ್ತಿಗಳಿಗಿಂತ ಚೌಕಟ್ಟು ಹಾಕಿಸಿದ ಪಟಗಳೇ ಹೆಚ್ಚು. ಬಾದಾಮಿಯ ಬನಶಂಕರಿ, ಸವದತ್ತಿಯ ಎಲ್ಲಮ್ಮ, ಪಂಢರಪುರದ ವಿಠ್ಠಲ, ಬಸವಣ್ಣ, ಗಣಪತಿ, ಲಕ್ಷ್ಮಿ, ಹೀಗೆ ದೂರದೂರದ ದೇವರೆಲ್ಲ ಒಂದು ಮೊಳದ ಜಾಗದಲ್ಲಿ ನೆರೆದಿರುವರು. ನಾವು ದಿನವೂ ಅವರಿಗೆ ಕೈಮುಗಿಯುತ್ತೇವೆ; ಆದರೆ ಈ ಕಾಗದದ ದೇವರು ನಮ್ಮ ಮನೆಗೆ ಬಂದ ದಾರಿ ಯಾವದು ಎಂದು ಕೇಳಿಕೊಳ್ಳುವದು ವಿರಳ.

ಆ ದಾರಿ ಉದ್ದವಾದದ್ದು. ಅದರ ಒಂದು ತುದಿ ಯುರೋಪಿನ ತಾಮ್ರದ ತಗಡುಗಳಲ್ಲಿದೆ. ಮತ್ತೊಂದು ತುದಿ ನಾವಿರುವ ಈ ಪುಣೆಯ ಪೇಟೆಗಳಲ್ಲಿಯೇ ಇದೆ. ನಡುವೆ ಮಿರಜ, ಮಂಗಳೂರು, ಮಳವಲಿಗಳೆಂಬ ನಿಲ್ದಾಣಗಳೂ ಇವೆ. ಇಂದಿನ ಪಾಠದಲ್ಲಿ ಆ ದಾರಿಯಲ್ಲಿ ನಡೆದು ನೋಡೋಣ.

ಅಚ್ಚು ಎಂದರೇನು?

ಅಚ್ಚು ಎಂಬ ಮಾತು ನಮ್ಮ ಭಾಷೆಯಲ್ಲಿ ಛಾಪಖಾನೆಗಿಂತ ಹಳೆಯದು. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವಾಗ ಕಟ್ಟಿಗೆಯ ಅಚ್ಚಿನಲ್ಲಿ ಪಾಕವನ್ನು ಹೊಯ್ಯುವದನ್ನು ನೀವು ಊರಿನಲ್ಲಿ ನೋಡಿರಬಹುದು. ಅಚ್ಚಿನಲ್ಲಿ ತಗ್ಗಾಗಿದ್ದದ್ದು ಸಕ್ಕರೆಯಲ್ಲಿ ಉಬ್ಬಾಗಿ ಬರುವದು. ಅಚ್ಚಿನಲ್ಲಿ ಎಡಕ್ಕೆ ನೋಡುತ್ತಿದ್ದ ಗಿಳಿ ಸಕ್ಕರೆಯಲ್ಲಿ ಬಲಕ್ಕೆ ನೋಡುವದು. ಅಚ್ಚಿನ ಮೊದಲ ನಿಯಮ ಇದೇ: ಅಚ್ಚಿನಲ್ಲಿ ಇದ್ದದ್ದು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಮೂಡುವದು. ಎರಡನೆಯ ನಿಯಮವೆಂದರೆ, ಅಚ್ಚು ಒಂದೇ ಆದರೂ ಪ್ರತಿಗಳು ಅನೇಕ.

ಚಿತ್ರವನ್ನು ಕಾಗದದ ಮೇಲೆ ಒತ್ತುವ ಬಗೆಗಳು ಬಹಳ ಇದ್ದರೂ ಹಳೆಯ ಪದ್ಧತಿಗಳನ್ನು ಮುಖ್ಯವಾಗಿ ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ಉಬ್ಬಚ್ಚು. ನಮ್ಮ ಶಾಲೆಯ ಕಚೇರಿಯಲ್ಲಿರುವ ರಬ್ಬರಿನ ಶಿಕ್ಕೆಯನ್ನು ನೋಡಿರಿ. ಅದರಲ್ಲಿ ಅಕ್ಷರಗಳು ಮೇಲೆದ್ದಿರುವವು. ಮೇಲೆದ್ದ ಭಾಗಕ್ಕಷ್ಟೇ ಮಸಿ ಹತ್ತಿ, ಅದೇ ಕಾಗದದ ಮೇಲೆ ಮೂಡುವದು. ಕಟ್ಟಿಗೆಯ ಅಚ್ಚುಗಳೂ ಸೀಸದ ಅಚ್ಚಿನ ಮೊಳೆಗಳೂ ಈ ಜಾತಿಯವು.

ಎರಡನೆಯದು ತಗ್ಗಚ್ಚು. ಇದನ್ನು ತಿಳಿಯಲು ನಿಮ್ಮ ಮನೆಯ ಹಿತ್ತಾಳೆಯ ಇಲ್ಲವೆ ತಾಮ್ರದ ಒಂದು ಹಳೆಯ ಪಾತ್ರೆಯನ್ನು ತೆಗೆದುಕೊಳ್ಳಿರಿ. ಅದರ ಮೇಲೆ ಅಜ್ಜನ ಹೆಸರನ್ನೋ ಮದುವೆಯ ತಿಥಿಯನ್ನೋ ಕೊರೆಸಿರುವರು. ಬೂದಿ ಹುಣಸೆಹಣ್ಣು ಹಚ್ಚಿ ಎಷ್ಟು ತಿಕ್ಕಿದರೂ ಪಾತ್ರೆಯ ಮೈ ಥಳಥಳಿಸುವದೇ ಹೊರತು, ಕೊರೆದ ಅಕ್ಷರಗಳ ತಗ್ಗಿನಲ್ಲಿ ಕಪ್ಪು ಉಳಿದೇ ಉಳಿಯುವದು. ತಾಯಂದಿರಿಗೆ ಬೇಸರ ತರುವ ಈ ಸಂಗತಿಯೇ ತಗ್ಗಚ್ಚಿನ ಮೂಲತತ್ತ್ವ. ತಗಡಿನ ತುಂಬ ಮಸಿ ಸವರಿ, ಮೇಲಿನ ಮಸಿಯನ್ನು ಅರಿವೆಯಿಂದ ಒರೆಸಿಬಿಟ್ಟರೆ ಗೆರೆಗಳಲ್ಲಿ ಮಾತ್ರ ಮಸಿ ನಿಲ್ಲುವದು. ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಎರಡು ಉರುಳೆಗಳ ನಡುವೆ ಬಲವಾಗಿ ಒತ್ತಿದರೆ, ಮೆತ್ತಗಾದ ಕಾಗದವು ಆ ತಗ್ಗಿನೊಳಗೆ ಇಳಿದು ಮಸಿಯನ್ನು ಎತ್ತಿಕೊಂಡು ಬರುವದು.

ಮೂರನೆಯದು ಕಲ್ಲಚ್ಚು. ಇದರಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಎಣ್ಣೆಗೈ ತಗಲಿದ ಪಾಟಿಯನ್ನು ನೀರಿನಿಂದ ಒರೆಸಿದರೆ ಎಣ್ಣೆ ಹತ್ತಿದ ಕಡೆ ನೀರು ನಿಲ್ಲದು. ಇದೇ ಗುಣವನ್ನು ಹಿಡಿದು, ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುವರು. ಕಲ್ಲಿಗೆ ಔಷಧ ಸವರಿ, ನೀರು ಹಚ್ಚಿ, ಜಿಡ್ಡಿನ ಮಸಿಯ ಉರುಳೆಯನ್ನು ಆಡಿಸುವರು. ಮಸಿಯು ಚಿತ್ರಕ್ಕೆ ಹತ್ತುವದು, ನೀರಿದ್ದಲ್ಲಿ ಹತ್ತುವದಿಲ್ಲ. ಬವೇರಿಯಾದ ಆಲೋಯ್ಸ್ ಸೆನೆಫೆಲ್ಡರ್ ಎಂಬವನು 1796ರಿಂದ 1798ರ ಅವಧಿಯಲ್ಲಿ ಇದನ್ನು ಕಂಡುಹಿಡಿದನು. ತಾನು ಬರೆದ ನಾಟಕಗಳನ್ನು ಕಡಿಮೆ ವೆಚ್ಚದಲ್ಲಿ ಅಚ್ಚು ಹಾಕಬೇಕೆಂದು ಅವನು ಹೆಣಗುತ್ತಿದ್ದನು. ಒಂದು ದಿನ ತಾಯಿ ಅಗಸಗಿತ್ತಿಗೆ ಕೊಡುವ ಬಟ್ಟೆಗಳ ಲೆಕ್ಕ ಬರೆಯಲು ಹೇಳಿದಾಗ, ಕಾಗದ ಸಿಗದೆ ಕೈಗೆ ಸಿಕ್ಕ ಕಲ್ಲಿನ ಮೇಲೆ ಬರೆದದ್ದೇ ಈ ಶೋಧಕ್ಕೆ ದಾರಿಯಾಯಿತೆಂದು ಅವನೇ ಹೇಳಿಕೊಂಡಿರುವನು.

ಆಮ್ಲದಿಂದ ಬರೆದ ಚಿತ್ರ

ತಗ್ಗಚ್ಚಿನಲ್ಲಿ ಎರಡು ಬಗೆ. ಉಕ್ಕಿನ ಚೂಪಾದ ಉಳಿಯಿಂದ ತಾಮ್ರವನ್ನು ನೇರವಾಗಿ ಕೊರೆಯುವದು ಒಂದು. ಇದಕ್ಕೆ ಅಕ್ಕಸಾಲಿಗನ ಕೈ ಬೇಕು. ಹಲವು ವರ್ಷಗಳ ಅಭ್ಯಾಸ ಬೇಕು. ಆಮ್ಲದಿಂದ ಕೊರೆಯಿಸುವದು ಇನ್ನೊಂದು. ತಗಡಿಗೆ ಮೇಣ ಮತ್ತು ರಾಳದ ತೆಳುವಾದ ಲೇಪವನ್ನು ಕೊಟ್ಟು, ಹೊಗೆ ಹಿಡಿಸಿ ಕಪ್ಪಾಗಿಸುವರು. ಅದರ ಮೇಲೆ ಸೂಜಿಯಿಂದ ಚಿತ್ರ ಬರೆದರೆ ಮೇಣ ಎದ್ದುಹೋಗಿ, ಗೆರೆಗಳಲ್ಲಿ ತಾಮ್ರ ಹೊಳೆಯುವದು. ಬಳಿಕ ತಗಡನ್ನು ನೈಟ್ರಿಕ್ ಆಮ್ಲದಂತಹ ದ್ರವದಲ್ಲಿ ಇಡುವರು. ಮೇಣವಿದ್ದಲ್ಲಿ ಆಮ್ಲವು ಮುಟ್ಟದು. ಗೆರೆಯಿದ್ದಲ್ಲಿ ತಾಮ್ರವನ್ನು ತಿಂದು ತಗ್ಗು ಮಾಡುವದು. ಹೆಚ್ಚು ಹೊತ್ತು ಇಟ್ಟರೆ ಗೆರೆಯು ಆಳವಾಗಿ ಕಪ್ಪಾಗಿ ಮೂಡುವದು. ಬೇಗ ತೆಗೆದರೆ ತಿಳಿಯಾಗಿ ಬರುವದು. ದೂರದ ಬೆಟ್ಟಗಳು ತಿಳಿಯಾಗಿರಬೇಕೆಂದರೆ ಆ ಭಾಗಕ್ಕೆ ನಡುವೆಯೇ ಮತ್ತೆ ಲೇಪ ಹಚ್ಚಿ ಮುಚ್ಚಿ, ಉಳಿದ ಭಾಗವನ್ನಷ್ಟೇ ತಿರುಗಿ ಆಮ್ಲಕ್ಕೆ ಒಡ್ಡುವರು. ಹೀಗೆ, ಉಳಿ ಹಿಡಿಯಲು ಕಲಿಯದ ಚಿತ್ರಕಾರನೂ ಲೇಖನಿಯಿಂದ ಬರೆದಷ್ಟು ಸಲೀಸಾಗಿ ತಾಮ್ರದ ಮೇಲೆ ಬರೆಯಬಲ್ಲವನಾದನು.

ಯುರೋಪಿನಲ್ಲಿ ಹದಿನೇಳನೆಯ ಶತಮಾನದಿಂದ ಹದಿನೆಂಟನೆಯ ಶತಮಾನದ ನಡುಭಾಗದವರೆಗೆ ಬರೋಕ್ ಎಂಬ ಶೈಲಿಯು ಪ್ರಬಲವಾಗಿತ್ತು. ಇಗರ್ಜಿಯ ಮಾಳಿಗೆಯಲ್ಲಿ ಆಕಾಶವೇ ತೆರೆದಂತೆ ಚಿತ್ರ ಬರೆಯುವದು, ಮೋಡಗಳ ನಡುವೆ ದೇವದೂತರು ಹಾರುವದು, ಬೆಳಕು ನೆರಳುಗಳ ಆಟ, ಇವು ಆ ಶೈಲಿಯ ಲಕ್ಷಣಗಳು. ಆದರೆ ಮಾಳಿಗೆಯನ್ನು ಯಾವ ಒಕ್ಕಲಿಗನೂ ಮನೆಗೆ ಹೊತ್ತು ಒಯ್ಯಲಾರನು. ಅವನು ಯಾತ್ರೆಯಿಂದ ತಿರುಗಿ ಬರುವಾಗ ಒಯ್ಯುತ್ತಿದ್ದದ್ದು ಅಂಗೈಯಗಲದ ಒಂದು ಅಚ್ಚಿನ ಚಿತ್ರ. ಅದನ್ನು ಪ್ರಾರ್ಥನೆಯ ಪುಸ್ತಕದಲ್ಲಿ ಇಡುತ್ತಿದ್ದರು. ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸುತ್ತಿದ್ದರು. ಜರ್ಮನಿಯ ಔಗ್ಸ್‌ಬುರ್ಗ್ ಪಟ್ಟಣವು ಇಂತಹ ಚಿತ್ರಗಳ ದೊಡ್ಡ ಕೇಂದ್ರವಾಗಿತ್ತು. ಅಲ್ಲಿಯ ಕ್ಲೌಬರ್ ಸಹೋದರರು ಅಚ್ಚು ಹಾಕಿದ ಭಕ್ತಿಚಿತ್ರಗಳು ಸಮುದ್ರವನ್ನು ದಾಟಿ, ದಕ್ಷಿಣ ಅಮೇರಿಕೆಯ ಇಗರ್ಜಿಗಳಲ್ಲಿ ಚಿತ್ರ ಬರೆಯುವವರಿಗೂ ಮಾದರಿಯಾದವು.

ಆ ಕಾಲದ ಕೊನೆಯಲ್ಲಿ ವೆನಿಸ್ಸಿನ ಜ್ಯೋವನ್ನಿ ದೊಮೆನಿಕೊ ತ್ಯೆಪೊಲೊ ಎಂಬ ತರುಣ ಚಿತ್ರಕಾರನು ತಂದೆಯ ಜೊತೆಗೆ ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ಅರಮನೆಯಲ್ಲಿ ಕೆಲಸ ಮಾಡುತ್ತಿದ್ದನು. 1753ರಲ್ಲಿ ಅವನು ಆಮ್ಲದಚ್ಚಿನ ಒಂದು ಚಿತ್ರಮಾಲೆಯನ್ನು ಪ್ರಕಟಿಸಿದನು. ಅದರ ವಿಷಯ ಒಂದೇ. ಹೆರೋದ ರಾಜನು ಕೂಸುಗಳನ್ನು ಕೊಲ್ಲಿಸುವನೆಂದು ತಿಳಿದು, ಜೋಸೆಫನೂ ಮರಿಯಳೂ ಬಾಲಯೇಸುವನ್ನು ಎತ್ತಿಕೊಂಡು ಇಜಿಪ್ತಿಗೆ ಓಡಿಹೋದ ಕಥೆ. ಕಂಸನ ಭಯದಿಂದ ವಸುದೇವನು ಬಾಲಕೃಷ್ಣನನ್ನು ಹೊತ್ತು ಯಮುನೆಯನ್ನು ದಾಟಿದ ಕಥೆಯನ್ನು ಬಲ್ಲ ನಮಗೆ ಇದು ಪರಕೀಯವೆನಿಸದು. ತ್ಯೆಪೊಲೊ ಈ ಒಂದು ಪ್ರಯಾಣವನ್ನೇ ಇಪ್ಪತ್ತನಾಲ್ಕು ದೃಶ್ಯಗಳಲ್ಲಿ ಬರೆದನು. ಊರ ಬಾಗಿಲನ್ನು ಬಿಡುವದು, ನದಿಯನ್ನು ದೋಣಿಯಲ್ಲಿ ದಾಟುವದು, ಕತ್ತೆಯ ಬೆನ್ನ ಮೇಲೆ ಬೆಟ್ಟ ಇಳಿಯುವದು, ದಣಿದು ಕುಳಿತುಕೊಳ್ಳುವದು. ಮಾಳಿಗೆಯ ಚಿತ್ರದ ವೈಭವ ಅಲ್ಲಿಲ್ಲ. ಮನೆ ಬಿಟ್ಟು ಹೊರಟ ಒಂದು ಬಡ ಕುಟುಂಬ ಅಲ್ಲಿದೆ.

ಈ ಚಿತ್ರಗಳ ಪ್ರತಿಕೃತಿಗಳನ್ನು ನೋಡಿದಾಗ ನನಗೆ ನನ್ನ ತಾಯಿಯ ನೆನಪಾಯಿತು. ನಾವು ಊರು ಬಿಟ್ಟು ಪುಣೆಗೆ ಬರುವಾಗ ಅವಳು ಬನಶಂಕರಿಯ ಪಟದ ಗಾಜನ್ನೂ ಕಟ್ಟನ್ನೂ ಬಿಚ್ಚಿಸಿ, ಕಾಗದವನ್ನಷ್ಟೇ ಎರಡು ಸೀರೆಗಳ ಮಡಿಕೆಯಲ್ಲಿ ಇಟ್ಟುಕೊಂಡು ಬಂದಳು. ಊರಿನ ಗುಡಿಯನ್ನು ತರುವ ಹಾಗಿರಲಿಲ್ಲ; ಪಟವನ್ನು ತರಬಹುದಾಗಿತ್ತು. ಅಚ್ಚಿನ ಚಿತ್ರಕ್ಕೆ ಲೋಕದಲ್ಲಿ ಬೆಲೆ ಬಂದದ್ದು ಏಕೆಂಬದನ್ನು ನಾನು ಅಂದೇ ಅರಿಯಬಹುದಾಗಿತ್ತು. ಆದರೆ ಅರಿತದ್ದು ಬಹಳ ತಡವಾಗಿ.

ನಮ್ಮ ನಾಡಿನ ತಾಮ್ರ

ತಾಮ್ರದ ಮೇಲೆ ಕೊರೆಯುವ ವಿದ್ಯೆ ನಮಗೆ ಯುರೋಪಿನವರು ಕಲಿಸಿದ್ದಲ್ಲ. ಬಾದಾಮಿಯ ಚಾಲುಕ್ಯರೂ ರಾಷ್ಟ್ರಕೂಟರೂ ಕೊಟ್ಟ ದಾನಗಳು ತಾಮ್ರಶಾಸನಗಳಲ್ಲಿ ಇಂದಿಗೂ ಉಳಿದಿರುವವು. ಈ ಪುಣೆಯ ಪ್ರಾಂತದ ಹೆಸರು ಮೊದಮೊದಲು ಕಾಣಿಸಿಕೊಳ್ಳುವದೂ ಅಂತಹ ತಾಮ್ರಪಟಗಳಲ್ಲಿಯೇ. ಪುಣೆ ಜಿಲ್ಹೆಯ ತಳೇಗಾಂವದಲ್ಲಿ ದೊರೆತ, ಇ. ಸ. 768ರ ತಾಮ್ರಪಟವು ರಾಷ್ಟ್ರಕೂಟರ ಒಂದನೆಯ ಕೃಷ್ಣನದು. ಅದರಲ್ಲಿ 'ಪುನಕ ವಿಷಯ' ಎಂಬ ಹೆಸರು ಬಂದಿರುವದು. ಎಲ್ಲೋರಾದ ಕೈಲಾಸ ದೇವಾಲಯವನ್ನು ಬೆಟ್ಟದಲ್ಲಿ ಕಡೆಯಿಸಿದ ಕೀರ್ತಿಯೂ ಇದೇ ಅರಸನದು. ನಾವು ಪರಊರೆಂದುಕೊಳ್ಳುವ ಈ ನಗರದ ಹೆಸರನ್ನು ಕನ್ನಡ ನಾಡನ್ನಾಳಿದ ವಂಶದ ಅರಸನೊಬ್ಬನು ತಾಮ್ರದಲ್ಲಿ ಬರೆಯಿಸಿದನೆಂಬದನ್ನು ನೀವು ನೆನಪಿನಲ್ಲಿಡಬೇಕು.

ಹಾಗಾದರೆ, ತಾಮ್ರವಿತ್ತು, ಕೊರೆಯುವ ಕೈ ಇತ್ತು, ಮಸಿಯೂ ಇತ್ತು. ನಮ್ಮ ಹಿರಿಯರು ತಗಡಿನಿಂದ ಪ್ರತಿಗಳನ್ನು ಏಕೆ ತೆಗೆಯಲಿಲ್ಲ? ಇದಕ್ಕೆ ಎರಡು ಕಾರಣಗಳು ತೋರುವವು. ಒಂದು, ಆ ಕಾಲದಲ್ಲಿ ನಮ್ಮಲ್ಲಿ ಕಾಗದದ ಬಳಕೆ ಇರಲಿಲ್ಲ. ತಾಳೆಯ ಓಲೆಯು ತಗ್ಗಿನೊಳಗೆ ಇಳಿದು ಮಸಿಯನ್ನು ಎತ್ತಲಾರದು. ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ದಾನಶಾಸನಕ್ಕೆ ಬೆಲೆ ಬರುವದು ಅದು ಒಂದೇ ಆಗಿರುವದರಿಂದ. ಅರಸನ ಮುದ್ರೆಯುಳ್ಳ ಆ ತಗಡು ಯಾರ ಕೈಯಲ್ಲಿರುವದೋ ಅವರದೇ ಭೂಮಿ. ಅದಕ್ಕೆ ನೂರು ಪ್ರತಿಗಳಾದರೆ ನೂರು ವ್ಯಾಜ್ಯಗಳಾಗುವವು. ಅಚ್ಚಿನ ಚಿತ್ರದ ನಡತೆ ಇದಕ್ಕೆ ವಿರುದ್ಧ. ಎಷ್ಟು ಹೆಚ್ಚು ಕೈಗಳಿಗೆ ಹೋಗುವದೋ ಅಷ್ಟು ಅದರ ಸಾರ್ಥಕತೆ.

ಅಚ್ಚಿನ ಚಿತ್ರಗಳು ನಮ್ಮ ದೇಶಕ್ಕೆ ಬಂದದ್ದು ಬೇಗನೆಯೇ. ಗೋವೆಯಲ್ಲಿ 1556ರಲ್ಲಿ ಮುದ್ರಣಯಂತ್ರವು ಬಂದಿತು. 1580ರಲ್ಲಿ ಜೆಸುಯಿಟ್ ಪಾದ್ರಿಗಳು ಅಕಬರ ಬಾದಶಹನಿಗೆ ಆಂಟ್‌ವರ್ಪಿನಲ್ಲಿ ಅಚ್ಚಾದ ಬೈಬಲ್ ಗ್ರಂಥವನ್ನು ಕಾಣಿಕೆ ಕೊಟ್ಟರು. ಅದರಲ್ಲಿ ತಾಮ್ರದಚ್ಚಿನ ಚಿತ್ರಗಳಿದ್ದವು. ಬಾದಶಹನ ಚಿತ್ರಕಾರರು ಇಂತಹ ಚಿತ್ರಗಳನ್ನು ಆಸಕ್ತಿಯಿಂದ ನೋಡಿ ನಕಲು ಮಾಡಿದರು. ಅಬುಲ್ ಹಸನ್ ಎಂಬ ಹುಡುಗನು 1600ರಲ್ಲಿ, ತನ್ನ ಹದಿಮೂರನೆಯ ವಯಸ್ಸಿನಲ್ಲಿ, ಜರ್ಮನಿಯ ಡ್ಯೂರರ್ ಕೊರೆದ ಅಚ್ಚಿನ ಚಿತ್ರದಲ್ಲಿಯ ಸಂತ ಯೋಹಾನನನ್ನು ನೋಡಿ ಬರೆದ ಚಿತ್ರವು ಈಗ ಆಕ್ಸ್‌ಫರ್ಡಿನಲ್ಲಿದೆ. ನಿಮ್ಮ ವಯಸ್ಸಿನವನೇ ಅವನು! ಆದರೆ ಅವನು ಅದನ್ನು ಕುಂಚದಿಂದ ಬರೆದನು. ಅಚ್ಚಿನ ಚಿತ್ರವು ಅರಮನೆಯೊಳಗೆ ಬಂದಿತು. ಅಚ್ಚಿನ ವಿದ್ಯೆಯು ಬಾಗಿಲ ಹೊರಗೇ ಉಳಿಯಿತು.

ಪುಣೆಯ ತಾಂಬಟನೂ ಮಿರಜದ ಗೀತೆಯೂ

ಇನ್ನು ನಮ್ಮ ಪುಣೆಗೆ ಬರೋಣ. ಕಸಬಾ ಪೇಟೆಯಲ್ಲಿ ತಾಂಬಟ ಆಳಿ ಎಂಬ ಓಣಿಯಿದೆ. ತಾಂಬಟರೆಂದರೆ ತಾಮ್ರದ ಪಾತ್ರೆ ಮಾಡುವವರು. ಪೇಶ್ವೆಯರ ಕಾಲದಲ್ಲಿ ಇಲ್ಲಿ ನೆಲೆಸಿದ ಈ ಜನರ ಸುತ್ತಿಗೆಯ ಸದ್ದು ಆ ಓಣಿಯಲ್ಲಿ ಇನ್ನೂ ನಿಂತಿಲ್ಲ.

1786ರಲ್ಲಿ ಚಾರ್ಲ್ಸ್ ಮ್ಯಾಲೆಟ್ ಎಂಬವನು ಇಂಗ್ರೇಜ ಕಂಪನಿಯ ರೆಸಿಡೆಂಟನಾಗಿ ಪೇಶ್ವೆಯರ ದರಬಾರಿಗೆ ಬಂದನು. ಕೆಲ ವರ್ಷಗಳ ಬಳಿಕ ಸ್ಕಾಟ್ಲಂಡಿನ ಚಿತ್ರಕಾರ ಜೇಮ್ಸ್ ವೇಲ್ಸನೂ ಪುಣೆಗೆ ಬಂದು, ಸವಾಯಿ ಮಾಧವರಾವ್ ಪೇಶ್ವೆಯರ ಮತ್ತು ನಾನಾ ಫಡಣೀಸರ ಚಿತ್ರಗಳನ್ನು ಬರೆದನು. ಶನಿವಾರ ವಾಡೆಯಲ್ಲಿ ಒಂದು ಚಿತ್ರಶಾಲೆಯೂ ನಡೆಯಿತು. ಅಲ್ಲಿ ಮುಂದೆ ಬಂದವನು ತಾಂಬಟ ಕುಲದ ಗಂಗಾರಾಮ ಚಿಂತಾಮಣ. ಪೇಶ್ವೆಯರ ಪ್ರಾಣಿಸಂಗ್ರಹದಲ್ಲಿದ್ದ ಖಡ್ಗಮೃಗವನ್ನು ಅವನು 1790ರಲ್ಲಿ ಬರೆದನು. ಎಲ್ಲೋರಾದ ಗುಹೆಗಳಿಗೆ ಹೋಗಿ ಅಲ್ಲಿಯ ಶಿಲ್ಪಗಳನ್ನೂ ಬರೆದನು. ವೇಲ್ಸನು 1795ರಲ್ಲಿ ತೀರಿಕೊಂಡನು. ಅವನ ಎಲ್ಲೋರಾ ಚಿತ್ರಗಳನ್ನು ಆಧರಿಸಿ ಥಾಮಸ್ ಡ್ಯಾನಿಯಲ್ ಎಂಬವನು 1803ರಲ್ಲಿ ಲಂಡನ್ನಿನಲ್ಲಿ ಆಮ್ಲದಚ್ಚಿನ ದೊಡ್ಡ ಗ್ರಂಥವನ್ನು ಹೊರತಂದನು. ರಾಷ್ಟ್ರಕೂಟರ ಕೈಲಾಸವು ಹೀಗೆ ತಾಮ್ರದ ತಗಡನ್ನು ಹೊಕ್ಕು ಕಾಗದದ ಮೇಲೆ ಇಳಿಯಿತು.

ಅದೇ ವೇಳೆಗೆ ಇಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಮ್ಯಾಲೆಟ್ಟನ ಉತ್ತೇಜನದಿಂದ ಪುಣೆಯ ತಾಂಬಟನೊಬ್ಬನು ತಾಮ್ರದ ತಗಡಿನಲ್ಲಿ ದೇವನಾಗರಿ ಅಕ್ಷರಗಳನ್ನು ತಿರುವುಮುರುವಾಗಿ ಕೊರೆದು ಅಚ್ಚೊತ್ತುವದನ್ನು ಕಲಿತನು. ನಾನಾ ಫಡಣೀಸರ ಆಸ್ಥೆಯಿಂದ ಭಗವದ್ಗೀತೆಯನ್ನು ಹೀಗೆ ಅಚ್ಚು ಹಾಕುವ ಯೋಜನೆ ಹುಟ್ಟಿತು. ಗೀತೆಯಲ್ಲಿ ಶ್ಲೋಕಗಳು 700. ಅಚ್ಚಿನ ಮೊಳೆಯಾದರೆ ತಪ್ಪಿದಲ್ಲಿ ಕಿತ್ತು ಬೇರೆ ಜೋಡಿಸಬಹುದು. ತಗಡಿನಲ್ಲಿ ಹಾಗಿಲ್ಲ. ಒಂದು ಅಕ್ಷರ ತಪ್ಪಿದರೆ ಅಲ್ಲಿಯ ತಾಮ್ರವನ್ನು ಹೆರೆದು, ಹಿಂದಿನಿಂದ ಮೆಲ್ಲಗೆ ಬಡಿದು ಮಟ್ಟ ಮಾಡಿ, ಮತ್ತೆ ಕೊರೆಯಬೇಕು.

ಕೆಲಸವು ಮುಗಿಯುವ ಮುನ್ನ ಪುಣೆಯ ಗತಿಯೇ ಬದಲಾಯಿತು. 1795ರಲ್ಲಿ ಸವಾಯಿ ಮಾಧವರಾವ್ ಮೃತರಾದರು. 1797ರಲ್ಲಿ ಮ್ಯಾಲೆಟ್ಟನು ಹುದ್ದೆಯನ್ನು ಬಿಟ್ಟನು. 1800ರಲ್ಲಿ ನಾನಾ ಫಡಣೀಸರೂ ತೀರಿಕೊಂಡರು. 1802ರಲ್ಲಿ ಯಶವಂತರಾವ್ ಹೋಳಕರನ ದಂಡು ಪುಣೆಯನ್ನು ಮುತ್ತಿತು. ಆಶ್ರಯವಿಲ್ಲದ ಆ ತಾಂಬಟನು ಮಿರಜಕ್ಕೆ ಹೋದನು. ಅಲ್ಲಿಯ ಗಂಗಾಧರರಾವ್ ಪಟವರ್ಧನರ ಆಶ್ರಯದಲ್ಲಿ 1805ರಲ್ಲಿ ತಾಮ್ರಪಟದಿಂದ ಗೀತೆಯು ಅಚ್ಚಾಯಿತು. ಬಂಗಾಲದ ಶ್ರೀರಾಮಪುರದಲ್ಲಿ ವಿಲಿಯಂ ಕ್ಯಾರಿಯ ಮರಾಠಿ ವ್ಯಾಕರಣವು ಪ್ರಕಟವಾದದ್ದೂ ಅದೇ ವರ್ಷ. ಅತ್ತ ಪಾದ್ರಿಗಳು ಮೊಳೆಗಳನ್ನು ಜೋಡಿಸುತ್ತಿದ್ದಾಗ ಇತ್ತ ಪಾತ್ರೆ ಮಾಡುವ ಕುಲದ ಒಬ್ಬನು ಉಳಿಯನ್ನು ಹಿಡಿದು ಗೀತೆಯನ್ನು ಅಚ್ಚಿಗೆ ಇಳಿಸಿದ್ದನು.

ಹುಬ್ಬಳ್ಳಿ, ಬೆಳಗಾವಿಗಳ ಕಡೆಯಿಂದ ಪುಣೆಗೆ ಬರುವ ರೈಲು ಮಿರಜದಲ್ಲಿ ನಿಲ್ಲುವದು. ಅಲ್ಲಿಯ ನಿಲ್ದಾಣದಲ್ಲಿ ಕನ್ನಡ ಮಾತು ಇಂದಿಗೂ ಕಿವಿಗೆ ಬೀಳುವದು. ಇನ್ನು ಮುಂದೆ ರಜೆಗೆ ಊರಿಗೆ ಹೋಗುವಾಗ ಆ ನಿಲ್ದಾಣದಲ್ಲಿ ಒಂದು ಗಳಿಗೆ ಈ ಸಂಗತಿಯನ್ನು ನೆನೆಯಿರಿ. ಆ ಕುಶಲಿಯೂ ನಮ್ಮ ಹಿರಿಯರಂತೆ ಕೆಲಸವನ್ನು ಅರಸಿ ಊರು ಬಿಟ್ಟವನೇ. ನಮ್ಮವರು ಆ ದಾರಿಯಲ್ಲಿ ಪುಣೆಗೆ ಬಂದರು. ಅವನು ಪುಣೆಯಿಂದ ಅತ್ತ ನಡೆದನು.

ಕಲ್ಲಿನಿಂದ ಬಣ್ಣದ ಪಟ

ತಾಮ್ರದಚ್ಚು ಸುಂದರವಾದದ್ದು, ಆದರೆ ನಿಧಾನದ್ದು. ಪ್ರತಿಯೊಂದು ಪ್ರತಿಗೂ ತಗಡಿಗೆ ಮಸಿ ತುಂಬಬೇಕು, ಒರೆಸಬೇಕು. ಒತ್ತಿದ ಹಾಗೆಲ್ಲ ತಾಮ್ರವು ಸವೆದು ಗೆರೆಗಳು ಮಂಕಾಗುವವು. ಆದುದರಿಂದ ಕಲ್ಲಚ್ಚು ಬಂದ ಮೇಲೆ ತಗ್ಗಚ್ಚು ಹಿಂದೆ ಸರಿಯಿತು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೆರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಹೊರಡಿಸಿದಾಗ ಅದನ್ನು ಅಚ್ಚು ಹಾಕಿದ್ದು ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿಯೇ. ನಮ್ಮ ಭಾಷೆಯ ಪತ್ರಿಕೆಯು ಕಲ್ಲಿನಿಂದ ಹುಟ್ಟಿತೆಂದರೆ ತಪ್ಪಾಗದು.

ಕಲ್ಲಚ್ಚಿನಲ್ಲಿ ಬಣ್ಣದ ಚಿತ್ರ ಬರಬೇಕಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕು. ಕೆಂಪಿನ ಕಲ್ಲು, ಹಳದಿಯ ಕಲ್ಲು, ನೀಲಿಯ ಕಲ್ಲು, ಹೀಗೆ ಒಂದರ ಮೇಲೊಂದು ಒತ್ತುವಾಗ ಕಾಗದವು ಕೂದಲೆಳೆಯಷ್ಟೂ ಸರಿಯಕೂಡದು. ಸರಿದರೆ ದೇವಿಯ ತುಟಿಯ ಕೆಂಪು ಗಲ್ಲದ ಮೇಲೆ ಬೀಳುವದು!

1878ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರು ತಮ್ಮ ಸಂಗಡಿಗರೊಡನೆ ಪುಣೆಯಲ್ಲಿ ಚಿತ್ರಶಾಲಾ ಎಂಬ ಮುದ್ರಣಾಲಯವನ್ನು ಸ್ಥಾಪಿಸಿದರು. 'ನಿಬಂಧಮಾಲೆ'ಯನ್ನು ಬರೆದವರೂ, 1880ರಲ್ಲಿ ಟಿಳಕರೊಡನೆ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದವರೂ ಇವರೇ. ಪರದೇಶದ ಚಿತ್ರಗಳು ಪೇಟೆಯನ್ನು ತುಂಬುತ್ತಿದ್ದ ಕಾಲವದು. ನಮ್ಮ ದೇವರ ಮತ್ತು ನಮ್ಮ ವೀರರ ಚಿತ್ರಗಳು ನಮ್ಮವರ ಕೈಯಿಂದಲೇ ಅಚ್ಚಾಗಬೇಕೆಂಬದು ಚಿತ್ರಶಾಲೆಯ ಉದ್ದೇಶ. ಸದಾಶಿವ ಪೇಟೆಯ ಈ ಅಚ್ಚುಕೂಟದಿಂದ ರಾಮಪಂಚಾಯತನದ ಪಟವೂ ಬಂದಿತು, ನಾನಾ ಫಡಣೀಸರ ಪಟವೂ ಬಂದಿತು. ಒಂದು ಕಾಲಕ್ಕೆ ಗೀತೆಯನ್ನು ಅಚ್ಚು ಹಾಕಿಸಬಯಸಿದವರು ಈಗ ತಾವೇ ಅಚ್ಚಾಗಿ ಜನರ ಗೋಡೆಗಳನ್ನು ಏರಿದರು.

ಬಳಿಕ ಬಂದವರು ರಾಜಾ ರವಿವರ್ಮರು. ಅರಸುಮನೆಗಳಿಗೆ ತೈಲಚಿತ್ರ ಬರೆಯುತ್ತಿದ್ದ ಅವರು, ತಮ್ಮ ಚಿತ್ರಗಳು ಸಾಮಾನ್ಯರ ಮನೆಗೂ ಹೋಗಬೇಕೆಂದು 1894ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಅಚ್ಚುಕೂಟವನ್ನು ತೆರೆದರು. ಮೊದಲು ಅಚ್ಚಾದದ್ದು ಶಕುಂತಲೆಯ ಜನ್ಮದ ಚಿತ್ರ. ಸೀರೆಯುಟ್ಟು ತಾವರೆಯ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿಯರು ದೇಶದ ಮನೆಮನೆಗೂ ಹೋದದ್ದು ಈ ಯಂತ್ರಗಳಿಂದ. 1899ರಲ್ಲಿ ಅಚ್ಚುಕೂಟವು ಲೋಣಾವಳದ ಹತ್ತಿರದ ಮಳವಲಿಗೆ ಬಂದಿತು. ಕಾರ್ಲಾ, ಭಾಜೆ ಗುಹೆಗಳನ್ನು ನೋಡಲು ನಾವು ಪುಣೆಯಿಂದ ಲೋಕಲ್ ಗಾಡಿಯಲ್ಲಿ ಹೋಗಿ ಇಳಿಯುವದು ಇದೇ ಮಳವಲಿಯಲ್ಲಿ. ಸಾಲ ಹೆಚ್ಚಾಗಿ ರವಿವರ್ಮರು ಅಚ್ಚುಕೂಟವನ್ನು ಜರ್ಮನಿಯ ಕುಶಲಿ ಫ್ರಿಟ್ಜ್ ಶ್ಲೈಕರನಿಗೆ ಮಾರಬೇಕಾಯಿತು. ಮುಂದೆ 1913ರಲ್ಲಿ 'ರಾಜಾ ಹರಿಶ್ಚಂದ್ರ' ಚಲನಚಿತ್ರವನ್ನು ತೆಗೆದ ದಾದಾಸಾಹೇಬ ಫಾಳಕೆಯವರೂ ಇಲ್ಲಿ ಕೆಲಸ ಮಾಡಿದವರು. 1972ರಲ್ಲಿ ಬೆಂಕಿ ಬಿದ್ದು ಅಚ್ಚುಕೂಟವು ನಾಶವಾಯಿತು.

ಪಟದಿಂದ ಆದದ್ದೇನು?

ಇಷ್ಟನ್ನು ತಿಳಿದ ಮೇಲೆ ಒಂದು ಪ್ರಶ್ನೆಯನ್ನು ಕೇಳಲೇಬೇಕು. ದೇವರು ಕಾಗದದ ಮೇಲೆ ಇಳಿದದ್ದರಿಂದ ಯಾರಿಗೆ ಏನಾಯಿತು?

ನಮ್ಮೆದುರಿಗಿರುವ ಪರ್ವತಿ ಗುಡ್ಡವನ್ನು ನೋಡಿರಿ. ಅದರ ಮೇಲಿನ ದೇವಾಲಯದಲ್ಲಿ ಅಸ್ಪೃಶ್ಯರೆನಿಸಿದವರಿಗೆ ಪ್ರವೇಶವಿರಲಿಲ್ಲ. 1929ರ ಅಕ್ಟೋಬರದಲ್ಲಿ ಶಿವರಾಮ ಜಾನಬಾ ಕಾಂಬಳೆ, ಪಾಂ. ನಾ. ರಾಜಭೋಜ ಮೊದಲಾದವರು ಅಲ್ಲಿ ಸತ್ಯಾಗ್ರಹವನ್ನು ಹೂಡಿದರು. ಅವರ ಮೇಲೆ ಕಲ್ಲುಗಳು ಬಿದ್ದವು. ಪಂಢರಪುರದ ವಿಠ್ಠಲನ ಬಾಗಿಲು ಎಲ್ಲರಿಗೂ ತೆರೆಯಬೇಕೆಂದು ಸಾನೆ ಗುರುಜಿಯವರು 1947ರ ಮೇ ತಿಂಗಳಲ್ಲಿ ಉಪವಾಸ ಮಾಡಬೇಕಾಯಿತು. ಆದರೆ ಅದಕ್ಕಿಂತ ಹಲವು ದಶಕಗಳ ಮೊದಲೇ ಪಟದ ದೇವರು ಎಲ್ಲರ ಮನೆಗಳಿಗೂ ಹೋಗಿದ್ದನು. ಕೊಳ್ಳುವವನ ಜಾತಿಯನ್ನು ಕಾಗದವು ಕೇಳಲಿಲ್ಲ. ಗುಡಿಯಲ್ಲಿ ದೂರದಿಂದಲೂ ಕಾಣಲು ಸಿಗದಿದ್ದ ದೇವರನ್ನು ತಾಯಿಯೊಬ್ಬಳು ತನ್ನ ಗುಡಿಸಲಿನಲ್ಲಿ ಕಣ್ತುಂಬ ನೋಡಿ, ತನ್ನ ಕೈಯಿಂದಲೇ ಕುಂಕುಮವನ್ನು ಹಚ್ಚಬಹುದಾಗಿತ್ತು. ಪಟವು ಗುಡಿಯ ಬಾಗಿಲನ್ನು ತೆರೆಯಲಿಲ್ಲ ನಿಜ. ಅದನ್ನು ತೆರೆಯಲು ಮನುಷ್ಯರೇ ಪೆಟ್ಟು ತಿನ್ನಬೇಕಾಯಿತು. ಆದರೆ ಬಾಗಿಲ ಒಳಗಿನವರಿಗೆ ಮಾತ್ರ ದೇವರು ಸೇರಿದವನಲ್ಲವೆಂಬದನ್ನು ಅದು ಬಾಯಿಬಿಡದೆ ತೋರಿಸಿತು.

ಇನ್ನೊಂದು ಮುಖವನ್ನೂ ಹೇಳದಿದ್ದರೆ ಈ ಪಾಠವು ಅರ್ಧವಾಗುವದು. ಒಂದೇ ಅಚ್ಚಿನಿಂದ ಸಾವಿರ ಪ್ರತಿಗಳು ಬಂದಾಗ ಸಾವಿರ ಊರುಗಳ ದೇವಿಗೆ ಒಂದೇ ಮುಖವಾಯಿತು. ಒಂದೂರಿನಲ್ಲಿ ಕಲ್ಲಾಗಿ, ಒಂದೂರಿನಲ್ಲಿ ಕೊಡವಾಗಿ, ಮತ್ತೊಂದೂರಿನಲ್ಲಿ ಬೆಳ್ಳಿಯ ಮುಖವಾಗಿ ಪೂಜೆಗೊಳ್ಳುತ್ತಿದ್ದ ದೇವತೆಯರನ್ನು ನಾವು ಪಟದಲ್ಲಿ ಕಂಡಂತೆಯೇ ಊಹಿಸತೊಡಗಿದೆವು. ಅಷ್ಟೇ ಅಲ್ಲ. ರವಿವರ್ಮರ ಹೆಸರು ಎಲ್ಲರಿಗೂ ಗೊತ್ತು. ಅವರ ಚಿತ್ರವನ್ನು ಚುಕ್ಕೆ ಚುಕ್ಕೆಯಾಗಿ ಕಲ್ಲಿಗೆ ಇಳಿಸಿದವರ, ಭಾರವಾದ ಕಲ್ಲುಗಳನ್ನು ಎತ್ತಿ ಇಳಿಸಿದವರ ಹೆಸರುಗಳು ಪಟದ ಮೇಲೆ ಬಹುಮಟ್ಟಿಗೆ ಬರಲಿಲ್ಲ. ಅಚ್ಚು ಮುಗಿದ ಮೇಲೆ ಕಲ್ಲನ್ನು ತಿಕ್ಕಿ ಚಿತ್ರವನ್ನು ಅಳಿಸಿ, ಅದೇ ಕಲ್ಲಿನ ಮೇಲೆ ಬೇರೆ ಚಿತ್ರ ಬರೆಯುವದು ರೂಢಿಯಾಗಿತ್ತು. ಕಲ್ಲಿನ ಜೊತೆಗೆ ಆ ಕೈಗಳ ಗುರುತೂ ಅಳಿಯಿತು.

ನೀವು ಮಾಡಬೇಕಾದದ್ದು

ಈ ಲೇಖನವನ್ನು ಓದಿ ಬದಿಗಿಟ್ಟರೆ ಸಾಲದು. ಮೊದಲನೆಯದಾಗಿ, ನಿಮ್ಮ ಮನೆಯಲ್ಲಿ ಹಳೆಯ ಪಟವಿದ್ದರೆ ಅದರ ಕೆಳಗಿನ ಅಂಚನ್ನು ಓದಿರಿ. ಅಚ್ಚುಕೂಟದ ಹೆಸರೋ, ಊರೋ, ಚಿತ್ರಕಾರನ ರುಜುವೋ ಸಿಗಬಹುದು. ಅದು ಯಾರ ಕಾಲಕ್ಕೆ, ಯಾವ ಊರಿನಿಂದ ಮನೆಗೆ ಬಂದಿತೆಂದು ಅಜ್ಜಿಯನ್ನು ಕೇಳಿ ಬರೆದಿಡಿರಿ. ಎರಡನೆಯದಾಗಿ, ಭೂತಗನ್ನಡಿಯಿಂದ ಪಟವನ್ನು ನೋಡಿರಿ. ಅಡ್ಡಾದಿಡ್ಡಿ ಚುಕ್ಕೆಗಳು ಕಂಡರೆ ಕಲ್ಲಚ್ಚಾಗಿರಬಹುದು. ಸಾಲುಸಾಲಾಗಿ ಒಂದೇ ಅಂತರದ ಚುಕ್ಕೆಗಳು ಕಂಡರೆ ಅದು ಈಚಿನ ಯಂತ್ರದ್ದು. ಮೂರನೆಯದಾಗಿ, ಅರ್ಧ ಬಟಾಟೆಯ ಮೇಲೆ ನಿಮ್ಮ ಹೆಸರಿನ ಮೊದಲ ಅಕ್ಷರವನ್ನು ಕೊರೆದು ಮಸಿ ಹಚ್ಚಿ ಒತ್ತಿರಿ. ಮೊದಲ ಸಲ ಅದು ತಿರುವುಮುರುವಾಗಿ ಬರುವದು. 700 ಶ್ಲೋಕಗಳನ್ನು ಹಾಗೆ ಕೊರೆದವನ ಶ್ರಮವು ಆಗ ತಾನಾಗಿಯೇ ತಿಳಿಯುವದು.

ಈಗ ದೇವರ ಚಿತ್ರವು ತಾಮ್ರವಿಲ್ಲದೆ, ಕಲ್ಲಿಲ್ಲದೆ, ಕಾಗದವೂ ಇಲ್ಲದೆ ಮೊಬೈಲಿನ ಗಾಜಿನ ಮೇಲೆ ಬರುವದು. ಬೆರಳು ಸರಿಸಿದರೆ ಹೋಗುವದು. ಅದನ್ನು ಹಳಿಯುವದು ನನ್ನ ಉದ್ದೇಶವಲ್ಲ. ತಾಮ್ರದ ಕಾಲದವರಿಗೆ ಕಲ್ಲೂ ಹೀಗೆಯೇ ಅಗ್ಗವೆನಿಸಿರಬೇಕು. ಆದರೆ ಎರಡು ಸೀರೆಗಳ ಮಡಿಕೆಯಲ್ಲಿ ಬಂದ ನಮ್ಮ ತಾಯಿಯ ಪಟವು ಇನ್ನೂ ನಮ್ಮ ಮನೆಯ ಹಲಗೆಯ ಮೇಲಿದೆ. ಅದರ ಒಂದು ಮೂಲೆ ಮಡಿಸಿ ಹರಿದಿದೆ. ಹೊಸದನ್ನು ತರೋಣವೆಂದು ಒಮ್ಮೆ ಹೇಳಿದ್ದಕ್ಕೆ ಅವಳು, "ಇದೇ ಇರಲಿ, ಇದು ನಮ್ಮ ಸಂಗಾಟ ಬಂದದ್ದು" ಎಂದಳು. ಅಚ್ಚಿನಿಂದ ಸಾವಿರ ಪ್ರತಿಗಳು ಬಂದರೂ, ಪೂಜೆಗೊಂಡ ಮೇಲೆ ಪ್ರತಿಯೊಂದೂ ಒಂದೇ ಒಂದಾಗುವದೆಂಬದನ್ನು ನಾನು ಕಲಿತದ್ದು ಅವಳಿಂದ.